ಒದ್ದೆ ಬೂಸಾ

ತೂಕದ ಹಲಗೆಯ ಮೇಲೆ ನಿಂತಿದ್ದ ಪಿಕಪ್ ಗಾಡಿಯಿಂದ ನಾಲೆಯ ನೀರು ಇನ್ನೂ ಸೋರುತ್ತಿತ್ತು. ವೇಬ್ರಿಡ್ಜಿನ ಪಾಲಾಕ್ಷ ಕಿಟಕಿಯೊಳಗಿಂದ ಕೂಗಿದ. "ನಾಲ್ಕು ಸಾವಿರದ ಆರ್ನೂರ ನಲವತ್ತು, ಮೇಡಂ." ಸರಕು ಸೇರಿ ಆ ಗಾಡಿ ಮೂರು ಸಾವಿರದ ನಾನೂರು ಕೆಜಿ ಮೀರುವಂತಿರಲಿಲ್ಲ. ಮೋಟಾರು ವಾಹನ ಇನ್‌ಸ್ಪೆಕ್ಟರ್ ಸ್ನೇಹಲತಾ ಪೆನ್ನು ತೆಗೆದವಳು ಬರೆಯದೆ ನಿಂತಳು.

"ನೋಡಿ ಮೇಡಂ, ಒಂದೂಕಾಲು ಟನ್ ಜಾಸ್ತಿ. ನಾಲೆ ಸೇತುವೆ ಕುಸೀದೆ ಇನ್ನೇನಾಗುತ್ತೆ?" ಎಂದ ರಜನೀಶ್. ಅರಕಲಗೂಡು ರಸ್ತೆಯ ಕೆಲಸ ಹಿಡಿದ ಕಂಟ್ರಾಕ್ಟರನ ಸೂಪರ್‌ವೈಸರ್ ಅವನು. "ಈ ಪಿಕಪ್ ಯಜಮಾನ್ರ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮ ಟಿಪ್ಪರಿಗೇ ಚೈನು ಕಟ್ಟಿ ನಾಲೆಯಿಂದ ಎಳೆಸಿ, ಇಲ್ಲೀವರೆಗೂ ತಂದು ಬಿಟ್ಟಿದೀವಿ. ಮನುಷ್ಯತ್ವ ಅಂತ ಒಂದಿದೆಯಲ್ಲ."

ಪಿಕಪ್ಪಿನ ಮಾಲೀಕ ಲಕ್ಕಯ್ಯ ಹಲಗೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ತಲೆಗೆ ಸುತ್ತಿದ ಟವೆಲ್ಲಿನಲ್ಲಿ ರಕ್ತದ ಕಲೆ. "ಏನ್ ಮನುಷ್ಯತ್ವ ಕಣಪ್ಪ ನಿಂದು. ಆರು ತಿಂಗ್ಳಿಂದ ಆ ಸೇತ್ವೆ ಮ್ಯಾಲೆ ಬೆಟ್ಟಾನೇ ಒತ್ಕಂಡ್ ಓಗಿದೀರ. ಮುರ್ದಿದ್ದು ಮಾತ್ರ ನನ್ ಬೂಸದಿಂದ." ಅವನು ಸ್ನೇಹಲತಾ ಕಡೆ ತಿರುಗಿದ. "ಎಳ್ದು ತಂದ ಈ ಟಿಪ್ಪರ್ರೇ ಬೆಳಗ್ಗೆ ಇದೇ ಜಲ್ಲಿ ಒತ್ಕಂಡು ನನ್ ಮುಂದೆ ಸೇತ್ವೆ ದಾಟಿದ್ದು, ಮೇಡಂನೋರೆ. ಅದ್ರ ಧೂಳು ಕುಡ್ಕಂಡು ಇಂದ್ಗಡೆ ನಾನ್ ಬಂದೆ. ಅದು ಆ ಕಡೆ ಇಳೀತು, ನಾನು ಕೆಳೀಕ್ ಓದೆ."

"ಚೀಲ ಎಷ್ಟು?"

"ಮೂವತ್ತು. ಚನ್ರಾಯಪಟ್ಣದಲ್ಲಿ ಎಣ್ಸಿ ಏರಿಸ್ಕಂಡಿವ್ನಿ. ಒಂದು ಜಾಸ್ತಿ ಇದ್ರೆ ನನ್ ತಲೆ ತಗೀರಿ."

ಅಷ್ಟರಲ್ಲಿ ಸ್ನೇಹಲತಾಗೆ ಫೋನು ಬಂತು. ಹಾಸನದ ಸಾಹೇಬರು. "ಯಂತ್ರ ಸುಳ್ಳು ಹೇಳಲ್ಲ ಸ್ನೇಹಲತಾ. ಚೀಟಿಯಲ್ಲಿ ಬಂದದ್ದು ಬರೆದು ಮುಗಿಸಿ. ಇವತ್ತೇ ವರದಿ ಕೇಳ್ತಿದಾರೆ." ಆ ಅಂಕಿ ವರದಿಗೆ ಹತ್ತಿತೆಂದರೆ ಸೇತುವೆ ಲಕ್ಕಯ್ಯನ ತಲೆಗೇ ಬರುತ್ತಿತ್ತು. ಕೇಸು ಬೀಳುತ್ತದೆ, ಲೈಸೆನ್ಸ್ ಹೋಗುತ್ತದೆ, ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. ಆ ಗಾಡಿ ಬಿಟ್ಟರೆ ಅವನಿಗೆ ಬೇರೆ ಕಸುಬಿಲ್ಲ. ಎರಡು ತಿಂಗಳ ಹಿಂದೆ ಇದೇ ಕಂಟ್ರಾಕ್ಟರನ ಎರಡು ಟಿಪ್ಪರುಗಳನ್ನು ಹೆಚ್ಚು ಲೋಡಿಗಾಗಿ ಅವಳು ಅಡ್ಡ ಹಾಕಿದ್ದಳು. ಆಗಲೂ ಇದೇ ಫೋನು ಬಂದಿತ್ತು. 'ಬಿಟ್ಟು ಕಳಿಸಿ' ಎಂದ ತಕ್ಷಣ ಬಿಟ್ಟು ಕಳಿಸಿದ್ದಳು. ಈಗ ಎದೆಯಲ್ಲಿ ಉರಿಯುತ್ತಿದ್ದ ಸಿಟ್ಟಿನಲ್ಲಿ ಅರ್ಧ ತನ್ನ ಮೇಲಿನದೇ.

ನುಗ್ಗೇಹಳ್ಳಿಯಲ್ಲಿ ಹಸು ಕಟ್ಟಿದ ಮನೆಯಲ್ಲಿ ಹುಟ್ಟಿದವಳು ಅವಳು. ಬೂಸಾ ಎಷ್ಟು ನೀರು ಹೀರುತ್ತದೆ ಎಂದು ಅವಳಿಗೆ ಯಾವ ಯಂತ್ರವೂ ಹೇಳಿಕೊಡಬೇಕಿರಲಿಲ್ಲ. ಹಗ್ಗ ಬಿಗಿದಿದ್ದರಿಂದ ಒಂದು ಚೀಲವೂ ಕೊಚ್ಚಿಹೋಗಿರಲಿಲ್ಲ. ಎಲ್ಲವೂ ಒಂದು ಗಂಟೆ ನಾಲೆಯಲ್ಲಿ ನೆಂದು, ಹೊಲಿಗೆ ಬಿರಿಯುವಷ್ಟು ಉಬ್ಬಿಕೊಂಡಿದ್ದವು. ಒಂದೊಂದಾಗಿ ಎಣಿಸಿದಳು. ಮೂವತ್ತು.

"ಪಾಲಾಕ್ಷ, ಬನ್ನಿ. ಒಂದು ಚೀಲ ಇಳಿಸಿ. ಹಲಗೆಯಿಂದ ಆಚೆಗೆ."

ಪಾಲಾಕ್ಷನೂ ಜೀಪಿನ ಡ್ರೈವರೂ ಸೇರಿ ಏದುಸಿರು ಬಿಡುತ್ತ ಚೀಲ ಇಳಿಸಿದರು. ಪಾಲಾಕ್ಷ ಒಳಗೆ ಹೋಗಿ ಕೂಗಿದ. "ನಾಲ್ಕು ಸಾವಿರದ ಐನೂರ ನಲವತ್ತು."

"ಒಂದು ಚೀಲಕ್ಕೆ ನೂರು ಕೆಜಿ ಇಳೀತು. ಚೀಲದ ಮೇಲೆ ಎಷ್ಟು ಅಂತ ಅಚ್ಚಾಗಿದೆ, ಸ್ವಲ್ಪ ಓದಿ ರಜನೀಶ್."

ರಜನೀಶ್ ಬಗ್ಗಲಿಲ್ಲ. ಲಕ್ಕಯ್ಯನೇ ಹೇಳಿದ. "ಐವತ್ತು, ಅಮ್ಮಾರೆ. ಮಿಕ್ಕಿದ್ದು ನಾಲೇಲಿ ಏಮಾವತಿ ತಾಯಿ ಕೊಟ್ಟಿದ್ದು."

"ಮೂವತ್ತು ಚೀಲಕ್ಕೆ ಒಂದೂವರೆ ಟನ್ ನೀರು. ಒಣ ಲೆಕ್ಕ ಹಿಡಿದರೆ ಗಾಡಿ ಸೇರಿ ಮೂರು ಸಾವಿರದ ನೂರ ನಲವತ್ತು," ಎಂದಳು ಸ್ನೇಹಲತಾ. "ಮಿತಿಗಿಂತ ಇನ್ನೂರ ಅರವತ್ತು ಕಮ್ಮಿ."

ರಜನೀಶ್ ನಕ್ಕ. "ಒಣದು ಒದ್ದೆ ಅಂತ ಕೂತರೆ ಆಗಲ್ಲ ಮೇಡಂ. ನೀರೋ ಬೂಸಾನೋ, ಹಲಗೆ ಹತ್ತಿದಾಗ ಬಂದ ತೂಕವೇ ತೂಕ. ಸಾಹೇಬರೂ ಅದನ್ನೇ ಹೇಳಿರಬೇಕಲ್ಲ?"

ಸಾಹೇಬರು ಫೋನಿನಲ್ಲಿ ಹೇಳಿದ್ದು ಇವನಿಗೆ ಹೇಗೆ ಗೊತ್ತು ಎಂದು ಅವಳು ಕೇಳಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ಟಿಪ್ಪರಿನ ಕಡೆ ನೋಡಿದಳು. ಹಿಂದೆ ಚೈನು ಇನ್ನೂ ನೇತಾಡುತ್ತಿತ್ತು. ನೀಲಿ ಟಾರ್ಪಾಲಿನ ಕೆಳಗೆ ಜಲ್ಲಿ ಗೋಪುರದಂತೆ ಎದ್ದಿತ್ತು.

"ಹಲಗೆ ಹತ್ತಿದಾಗ ಬಂದ ತೂಕವೇ ತೂಕ. ಒಪ್ಪಿದೆ," ಎಂದಳು. "ಪಿಕಪ್ ಕೆಳಗೆ ತಳ್ಳಿ. ಆ ಟಿಪ್ಪರ್ ಹತ್ತಿಸಿ."

ರಜನೀಶನ ಮುಖ ಸಣ್ಣದಾಯಿತು. "ಮೇಡಂ, ಅದರಲ್ಲಿ ಲೋಡಿದೆ."

"ಕಾಣ್ತಿದೆ. ಹತ್ತಿಸದಿದ್ದರೆ ಇಲ್ಲೇ ಸೀಜ್ ಮಾಡ್ತೀನಿ."

"ನಾವು ಸಹಾಯಕ್ಕೆ ಬಂದೋರು."

"ಬೆಳಗ್ಗೆ ಇವರಿಗಿಂತ ಮುಂಚೆ ಸೇತುವೆ ದಾಟಿದೋರೂ ನೀವೇ. ಬೂಸಾ ಆದರೆ ನೀರು ಕುಡಿಯುತ್ತೆ, ಅನುಮಾನ ಬರುತ್ತೆ. ಜಲ್ಲಿ ಕುಡಿಯಲ್ಲ."

ಅವಳ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಹೆಸರು ನೋಡಿದಳು. ಇಳಿಸಿಟ್ಟ ಒದ್ದೆ ಚೀಲದ ಮೇಲೆ ಅದನ್ನು ಇಟ್ಟು ಮುಂದೆ ನಡೆದಳು. ಟಿಪ್ಪರಿನ ಡ್ರೈವರ್ ಲಕ್ಕಯ್ಯನ ತಲೆಯ ಟವೆಲ್ಲನ್ನೊಮ್ಮೆ ನೋಡಿದ. ರಜನೀಶನ ಕಡೆ ನೋಡದೆ ಗಾಡಿ ಸ್ಟಾರ್ಟ್ ಮಾಡಿದ.

ಪಿಕಪ್ ಇಳಿದ ಹಲಗೆಯನ್ನು ಟಿಪ್ಪರಿನ ಮುಂದಿನ ಎರಡು ಚಕ್ರ ಮಾತ್ರ ಏರಿದ್ದವು. ನೀರು ಕುಡಿದ ಮೂವತ್ತು ಚೀಲವನ್ನೂ ಹೊತ್ತು ಲಕ್ಕಯ್ಯನ ಗಾಡಿ ತೂಗಿದ್ದನ್ನು ಪಾಲಾಕ್ಷನ ಕಿಟಕಿಯ ಕೆಂಪು ಅಂಕಿ ಆಗಲೇ ದಾಟಿ ಹೋಗಿತ್ತು.