ರಾಣಿಯ ಗಂಟಲು

ಶಂಕ್ರೆವ್ವ ಬರೆದ ರಾಣಿಯ ಗೋಳಾಟವನ್ನು ಕವಿ ರುದ್ರಮುನಿ ತನ್ನ ನಾಟಕದೊಳಗೆ ಸೇರಿಸಿಕೊಂಡ.

ರಂಗದ ಮೇಲೆ ಯಾರೇ ಮಾತಾಡಲಿ, ಆ ಮಾತು ಬರೆದವರ ದನಿಯಲ್ಲೇ ಕೇಳುವ ಕಾಲವದು. ರಾಣಿ ಬಾಯಿ ತೆರೆದರೆ ಶಂಕ್ರೆವ್ವನ ದನಿ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಜನ ಅತ್ತು, ಹಾರವನ್ನು ರುದ್ರಮುನಿಯ ಕೊರಳಿಗೇ ಹಾಕುತ್ತಿದ್ದರು. ಪ್ರೇಕ್ಷಕರ ನಡುವೆ ಕೂತು ಆ ಹಾರವನ್ನೇ ನೋಡುತ್ತಿದ್ದ ಶಂಕ್ರೆವ್ವನ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಅವಳಿಗೆ ನೆಗಡಿಯಾಯಿತು, ರಂಗದಲ್ಲಿ ರಾಣಿಯ ಗಂಟಲು ಕಟ್ಟಿತು. ಮರುದಿನ ರುದ್ರಮುನಿ ಶುಂಠಿ ಕಷಾಯ ಹಿಡಿದು ಅವಳ ಮನೆಗೆ ಬಂದ.

“ಕುಡೀಬೇ ಅಕ್ಕಾ. ಇವತ್ತೂ ರಾಣಿ ಕಪ್ಪಿಯಂಗ ವಟಗುಟ್ಟಿದ್ರ ನನ್ನ ಮಾನ ಹೋಗ್ತೈತಿ.”

“ಹಾರ ನಿನಗ, ಕಷಾಯ ನನಗೇನೋ? ಕುಡಿಯಂಗಿಲ್ಲ, ಹೋಗು,” ಎಂದ ಶಂಕ್ರೆವ್ವ ಬೀದಿಯ ಐಸ್‌ಕ್ಯಾಂಡಿಯವನನ್ನು ಕೂಗಿ ಕರೆದಳು.