ಅತ್ತೆಯ ಮೊಣಕೈ

ಅತ್ತೆ ಚೆಂಡಿನ ಮುಂದೆ ಕೋಲು ಹಿಡಿದು ನಿಂತು ಎಷ್ಟು ಹೊತ್ತಾಯಿತೆಂದರೆ, ಹಿಂದೆ ಕಾಯುತ್ತಿದ್ದ ಜೋಡಿ ಬೆಂಚಿನ ಮೇಲೆ ಕೂತು ಷೂ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಳ್ಳತೊಡಗಿತು. ಗಾಲ್ಫ್ ಕ್ಲಬ್ಬಿನ ಕುಟುಂಬ ಪಂದ್ಯದ ಕೊನೆಯ ಕುಳಿ ಅದು. ದೂರ ಕಡಿಮೆ, ಕುಳಿಯಲ್ಲಿ ನೆಟ್ಟ ಬಾವುಟ ನಿಂತಲ್ಲಿಂದಲೇ ಕಾಣುತ್ತಿತ್ತು. ಅತ್ತೆಯ ಜೊತೆಗಾರ ಅವರ ಅಳಿಯ, ಹಲ್ಲಿನ ಡಾಕ್ಟರು. ಅವನು ಸ್ವಲ್ಪ ಆಚೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಪಂದ್ಯ ಆಗಲೇ ಕೈತಪ್ಪಿ ಹೋಗಿತ್ತು, ಅದರ ಚಿಂತೆ ಅವನಿಗಿರಲಿಲ್ಲ. ಇದೊಂದು ಮುಗಿದರೆ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಅತ್ತೆ ಹಿಂದಿನ ಕುಳಿಯ ಹತ್ತಿರ ಹೇಳಿಬಿಟ್ಟಿದ್ದರು.

ತಪ್ಪು ಅವನದೇ. ಅತ್ತೆ ಮಗಳ ಮನೆಗೆ ಬಂದು ನೆಲೆಸಿದ ಮೇಲೂ ಅವರಿಬ್ಬರ ನಡುವೆ ಇದ್ದದ್ದು ಕಾಫಿ ಆಯ್ತಾ, ಆಯ್ತು ಎನ್ನುವಷ್ಟೇ ಮಾತು. ಒಂದು ಭಾನುವಾರ, ಮನೆಯಲ್ಲಿ ಕೂತು ಬೇಜಾರೆಂದು ಅವನ ಕಾರಿನಲ್ಲಿ ಮೈದಾನಕ್ಕೆ ಬಂದವರು, ಇದೇನು ಮಹಾ ಎನ್ನುವ ಹಾಗೆ ಒಂದು ಕೋಲೆತ್ತಿ ಬೀಸಿದರು. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ಒತ್ತಿ ಗಟ್ಟಿಯಾದ ಕೈ. ಚೆಂಡು ಟಕ್ಕೆಂದು ಹೊರಟು ಬೇಲಿಯ ಹತ್ತಿರ ಹೋಗಿ ಬಿತ್ತು. ಅತ್ತೆ ಬಾಯಿ ತುಂಬ ನಕ್ಕರು. ಹಲ್ಲಿನ ಡಾಕ್ಟರಾಗಿಯೂ ಅಳಿಯ ಅವರ ಹಲ್ಲನ್ನು ನೋಡಿದ್ದು ಅವತ್ತೇ ಮೊದಲು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಓರೆಯಾದದ್ದು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಮುಂದಿನ ವಾರ, ಕೋಲು ಹಿಂದಕ್ಕೆ ಎತ್ತುವಾಗ ಎಡ ಮೊಣಕೈ ಮಡಚಬಾರದೆಂದ. ಆಮೇಲೆ ತಲೆ ಅಲುಗಬಾರದೆಂದ. ಆಮೇಲೆ ಸೊಂಟ ಮೊದಲು ತಿರುಗಬೇಕು, ಭುಜ ಅದರ ಹಿಂದೆ ಬರಬೇಕು, ಹಿಡಿತ ಮಾತ್ರ ಸಡಿಲವಿರಬೇಕು. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಅಡುಗೆಮನೆಯಲ್ಲಿ ಪೊರಕೆ ಹಿಡಿದು ಅಭ್ಯಾಸ ಮಾಡಿದರು, ಕಿಟಕಿಯ ಗಾಜಿನಲ್ಲಿ ಮೊಣಕೈ ನೋಡಿಕೊಂಡರು. ಚೆಂಡು ಮಾತ್ರ ಒಂದೆರಡು ಮಾರು ಉರುಳಿ ನಿಲ್ಲತೊಡಗಿತು. ಕೆಲವು ಸಲ ಕೋಲಿಗೇ ಸಿಗದೆ ಇದ್ದಲ್ಲೇ ಇರುತ್ತಿತ್ತು. ಬರಬರುತ್ತಾ ಅತ್ತೆ ನಗುವುದನ್ನೂ ಬಿಟ್ಟರು. ಅಮ್ಮ ಖುಷಿಯಿಂದ ಮಾಡ್ತಿದ್ದದ್ದು ಅದೊಂದೇ, ಅದಕ್ಕೂ ಕ್ಲಿಪ್ಪು ಹಾಕಿಬಿಟ್ರಿ ಎಂದು ಹೆಂಡತಿ ಅವನಿಗೆ ಹೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ನಾಟಿತು.

ಈಗ ಅತ್ತೆಯ ತುಟಿ ಪಾಠ ಒಪ್ಪಿಸುವವರ ಹಾಗೆ ಅಲುಗುತ್ತಿತ್ತು. ಮೊಣಕೈ, ತಲೆ, ಸೊಂಟ, ಭುಜ. ಕೋಲು ಹಿಂದಕ್ಕೆ ಹೋಗಿ, ಅರ್ಧದಲ್ಲಿ ಅನುಮಾನಪಟ್ಟು, ವಾಪಸು ಬರುತ್ತಿತ್ತು. ಏನೂ ಯೋಚಿಸಬೇಡಿ ಅತ್ತೆ ಎಂದು ಅವನು ಮೆಲ್ಲಗೆ ಹೇಳಿದ. ಅತ್ತೆ ಕಣ್ಣು ಮುಚ್ಚಿ ತೆರೆದರು.

"ಅದನ್ನೂ ಸೇರಿಸ್ಕೊಂಡೆ."

"ಯಾವುದನ್ನ?"

"ಯೋಚಿಸಬಾರದು ಅನ್ನೋದನ್ನ. ಭುಜ ಆದ್ಮೇಲೆ ಅದು."

ಬೆಂಚಿನ ಕಡೆಯಿಂದ ಯಾರೋ ಕೆಮ್ಮಿದರು. ಅತ್ತೆಯ ಬೆನ್ನು ಇನ್ನಷ್ಟು ಸೆಟೆಯಿತು. ಅದನ್ನು ನೋಡಿ ಅಳಿಯ ಒಂದು ಹೆಜ್ಜೆ ಹತ್ತಿರ ಬಂದ. ಹೇಳಿಕೊಡಲು ಅವನ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಬೇರೆ ಏನಾದರೂ ಮಾತಾಡೋಣವೆಂದು ಬಾಯಿ ತೆರೆದರೆ, ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತೇ ಹೊರಗೆ ಬಿತ್ತು.

"ಅತ್ತೆ, ನಮ್ಮ ಮದುವೆ ಬೇಡ ಅಂತ ನೀವು ಯಾಕೆ ಅಷ್ಟು ಹಟ ಹಿಡಿದಿದ್ರಿ?"

ಮನೆಯಲ್ಲಿ ಯಾರೂ ಎತ್ತದ ವಿಷಯ ಅದು. ಆಗ ಅತ್ತೆ ಮಗಳ ಜೊತೆ ಬಹಳ ದಿನ ಮಾತು ಬಿಟ್ಟಿದ್ದರು. ಕಾರಣ ಏನೆಂದು ಮಗಳಿಗೂ ಹೇಳಿರಲಿಲ್ಲ. ಅಳಿಯ ನಾಲಿಗೆ ಕಚ್ಚಿಕೊಂಡ. ಅತ್ತೆ ಚೆಂಡಿನಿಂದ ಕಣ್ಣು ತೆಗೆಯಲಿಲ್ಲ. ಆದರೆ ತುಟಿ ಸುಮ್ಮನಾಯಿತು, ಕಿವಿಯವರೆಗೆ ಏರಿದ್ದ ಭುಜ ಇಳಿಯಿತು. ಬೀರುವಿನ ತಳದಲ್ಲಿ ಏನನ್ನೋ ಹುಡುಕುವವರ ಮುಖ ಅದು.

"ಮೊದಲನೇ ಸಲ ನಮ್ಮ ಮನೆಗೆ ಬಂದಾಗ," ಎಂದರು, ಕೋಲು ತಾನಾಗಿ ಹಿಂದಕ್ಕೆ ಏರುತ್ತಿತ್ತು, "ಗೋಡೆ ಮೇಲಿದ್ದ ಫೋಟೋ ಓರೆ ಇದೆ ಅಂತ ಎದ್ದು ಸರಿ ಮಾಡಿದ್ರಿ. ಇವರ ಕಣ್ಣೆದುರು ನನ್ನ ಮಗಳು ಜೀವನಪೂರ್ತಿ ನೆಟ್ಟಗೆ ನಿಂತಿರಬೇಕಾಗತ್ತೆ ಅನ್ನಿಸ್ತು."

ಟಕ್.

ಚೆಂಡು ಮೇಲೇರಿತು. ಮರಳಿನ ಗುಂಡಿ ದಾಟಿ, ಬಾವುಟದ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಪುಟಿದು ನಿಂತಿತು. ಬೆಂಚಿನಲ್ಲಿದ್ದವರು ಎದ್ದು ನಿಂತರು. ಅಳಿಯ ಚೆಂಡನ್ನು ನೋಡಲೇ ಇಲ್ಲ, ಅವನು ನೋಡುತ್ತಿದ್ದದ್ದು ಅತ್ತೆಯನ್ನು. ಎಡ ಮೊಣಕೈ ಮಡಚಿತ್ತು. ತಲೆ ಎದ್ದಿತ್ತು. ಸೊಂಟ, ಭುಜ ಎರಡೂ ಗಾಡಿಯಿಂದ ಇಳಿಯುವವರ ಹಾಗೆ ಒಟ್ಟಿಗೇ ನುಗ್ಗಿದ್ದವು. ಅವನ ತುಟಿ ತೆರೆಯಿತು. ಅಷ್ಟರಲ್ಲಿ ಅತ್ತೆ ತಿರುಗಿ ನೋಡಿದರು.

"ಏನೋ ಹೇಳಬೇಕು ಅಂತಿದ್ದೀರಿ."

ಅವನು ಮಾತನ್ನು ನುಂಗಿದ. ಅದು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಏನಿಲ್ಲ ಅತ್ತೆ."

ಅತ್ತೆ ಅವನ ಮುಖವನ್ನು ಒಮ್ಮೆ ಪೂರ್ತಿ ನೋಡಿದರು. ಆಮೇಲೆ ಕೋಲನ್ನು ಹೆಗಲ ಮೇಲೆ ಹಾಕಿಕೊಂಡು ಬಾವುಟದ ಕಡೆ ನಡೆದರು. ಸ್ವಲ್ಪ ದೂರ ಹೋದ ಮೇಲೆ, ತಿರುಗದೆಯೇ ಹೇಳಿದರು:

"ಹಾಗಾದ್ರೆ ಮದುವೆಗೆ ಇನ್ನು ನಂದೇನೂ ಅಡ್ಡಿ ಇಲ್ಲ."