ಹನಿ ನೀರೂ ಕೊಟ್ಟಿಲ್ಲ

“ಕೊರಳಾಗಿನ ಲಿಂಗ ತೆಗೆದು ಕೊಡ್ರಿ ಅಯ್ಯನೋರೆ,” ಎಂದು ನರ್ಸ್ ಮೆಹತಾಬ್ ಕೈ ಚಾಚಿದಳು.

ತೆಂಗಳಿಯ ಜಂಗಮ ಗುರುಲಿಂಗಯ್ಯ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡ. “ಇದು ಮೈಮ್ಯಾಲಿಂದ ಇಳೀತಂದ್ರ ಪ್ರಾಣ ಇಳಿದಂಗ, ತಂಗಿ.” ಅಷ್ಟು ಹೇಳುವುದರೊಳಗೆ ಕೆಮ್ಮು ಬಂತು. ಬಾಯಿ ಒರೆಸಿಕೊಂಡ ಬಟ್ಟೆಯಲ್ಲಿ ರಕ್ತವಿತ್ತು.

“ಅಂಗಾತ ಮಲಗಿಸಿ, ತಲಿ ಹಿಂದಕ್ಕ ಬಾಗಿಸಿ, ಬಾಯಾಗಿಂದ ಶ್ವಾಸದ ದಾರಿಗಿ ಕಬ್ಬಿಣದ ನಳಿಗಿ ಇಳಿಸ್ತಾರ್ರಿ. ಅದಕ್ಕ ಸಣ್ಣ ದೀಪ ಇರ್ತದ, ಒಳಗಿಂದು ಕಾಣ್ತದ. ಮೊದಲ ಗಂಟಲಿಗಿ ಔಷಧ ಹೊಡೆದು ಜೋಮು ಹಿಡಿಸ್ತಾರ. ನೀವು ಎಚ್ಚರನೇ ಇರ್ತೀರಿ. ಉಸಿರು ಕಟ್ಟಿದಂಗ ಅನಿಸ್ತದ, ಗಾಬರಿ ಆಗಬ್ಯಾಡ್ರಿ. ಕೊರಳಾಗ ಮಾತ್ರ ಏನೂ ಇರಬಾರದು.”

ಹೆಂಡತಿ ಲಲಿತಾಬಾಯಿ ಮುಂದೆ ಬಂದಳು. “ನನ್ನ ಕೈಯಾಗ ಕೊಡ್ರಿ. ನೀವು ಹೊರಗ ಬರೋತನಕ ನೆಲಕ್ಕ ಇಡಂಗಿಲ್ಲ.”

“ಹೊಟ್ಟಿ ಖಾಲಿ ಅದ ಹೌದಿಲ್ಲೊ?” ಎಂದು ಮೆಹತಾಬ್ ಕೇಳಿದಳು.

“ಲಿಂಗಪೂಜಿ ಆಗದ ಅವರು ನೀರೂ ಮುಟ್ಟಂಗಿಲ್ಲವ್ವ. ಇವತ್ತ ಪೂಜೀನೇ ಆಗಿಲ್ಲ.”

ಮೆಹತಾಬಳಿಗೆ ಸಮಾಧಾನವಾಯಿತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ ‘ಬರೇ ಎರಡು ರೊಟ್ಟಿ ತಿಂದೀನ್ರಿ’ ಎನ್ನುವ ಧೀರರನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

ರಜಾಕಾರರ ಗದ್ದಲ ಮುಗಿಯಿತು, ಇನ್ನು ನೆಮ್ಮದಿ ಎನ್ನುವಾಗಲೇ ಅಯ್ಯನಿಗೆ ಈ ಕೆಮ್ಮು ಅಂಟಿಕೊಂಡಿತ್ತು. ಕ್ಷಯ ಎಂದು ಊರು ತೀರ್ಪು ಕೊಟ್ಟಿತು. ಪಾದ ತೊಳೆದು ಒಳಗೆ ಕರೆಯುತ್ತಿದ್ದ ಮನೆಗಳೇ ಭಿಕ್ಷೆಯ ಜೋಳವನ್ನು ಕಟ್ಟೆಯ ಮೇಲಿಟ್ಟು ಬಾಗಿಲು ಹಾಕಿಕೊಂಡವು. ಎದೆಯೊಳಗೆ ಏನಿದೆ ಎಂದು ಯಾರಾದರೂ ಕಣ್ಣಾರೆ ನೋಡಿ ಹೇಳಲಿ, ಸಾಯುವುದಾದರೆ ತಿಳಿದಾದರೂ ಸಾಯುತ್ತೇನೆ ಎಂದು ಅವನು ವಾಡಿಯ ದವಾಖಾನೆಗೆ ಬಂದಿದ್ದ.

ಹೈದರಾಬಾದಿನಿಂದ ಬಂದಿದ್ದ ದೊಡ್ಡ ಡಾಕ್ಟರು ಕೊನೆಗೆ ನಗುತ್ತಲೇ ಹೊರಬಂದರು. ಅವರ ಕೈಯ ತಟ್ಟೆಯಲ್ಲಿ ಕಪ್ಪಗಾದ ಅಡಕಿ ಹೋಳೊಂದಿತ್ತು. “ಕ್ಷಯ ಅಲ್ಲಮ್ಮ. ಇದು ಶ್ವಾಸನಾಳದಲ್ಲಿ ಸಿಕ್ಕಿಕೊಂಡು ಕೊಳೆಯುತ್ತಿತ್ತು. ತೆಗೆದಿದ್ದೇನೆ. ಎದೆ ಬಹಳ ಸೋತಿದೆ, ಆದರೆ ಉಳಿಯುತ್ತಾರೆ.”

ಲಲಿತಾಬಾಯಿಗೆ ಚಿಂಚೋಳಿಯ ಮದುವೆ ನೆನಪಾಯಿತು. ಊಟವಾದ ಮೇಲೆ ಎಲೆಅಡಕಿ ಬಾಯಲ್ಲಿರುವಾಗ ಬೀಗರ ಮಾತಿಗೆ ನಕ್ಕು, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದ್ದ ಪುಣ್ಯಾತ್ಮ. ಆಮೇಲೆ ಅದನ್ನು ಇಬ್ಬರೂ ಮರೆತಿದ್ದರು. ಅವಳಿಗೆ ಹೋದ ಜೀವ ಬಂದಂತಾಯಿತು.

ಡಾಕ್ಟರು ರೈಲಿಗೆ ಹೊರಟರು. ಗುರುಲಿಂಗಯ್ಯನನ್ನು ಮಂಚಕ್ಕೆ ಒರಗಿಸಿ ಕೂರಿಸಿದ ಮೆಹತಾಬ್, ಲಲಿತಾಬಾಯಿಯತ್ತ ತಿರುಗಿದಳು. “ಗಂಟಲಾ ಇನ್ನಾ ಜೋಮು ಹಿಡಿದದ. ನುಂಗಿದ್ದು ಹೊಟ್ಟಿಗಿ ಹೋಗದ ಶ್ವಾಸಕ್ಕ ಹೋಗ್ತದ. ನಾ ಬಂದು ನೋಡೋತನಕ ಹನಿ ನೀರೂ ಕೊಡಬ್ಯಾಡ್ರಿ. ಜೀವಕ್ಕ ಬರ್ತದ.”

“ನೀ ಹೇಳಿದ ಮ್ಯಾಲ ಮುಗೀತು. ಹನಿ ನೀರೂ ಕೊಡಂಗಿಲ್ಲ.”

ಕೊಡಲೂ ಇಲ್ಲ. ಕಾವಲೆಂದರೆ ಅದು ಕಾವಲು. ಮಂಚದ ಬದಿಯ ನೀರಿನ ಮಗಿಯನ್ನು ದೂರ ಸರಿಸಿದಳು. ಪಕ್ಕದ ಮಂಚದ ಸೂಗಪ್ಪ ಮರುಗಿ ಚಹಾ ಕೊಡಬಂದಾಗ, “ಅವರನ್ನ ಕೊಲ್ಲಾಕ ಬಂದೀರೇನು?” ಎಂದು ಗದರಿ ಕಳಿಸಿದಳು. ಗಂಡನ ಒಣಗಿದ ತುಟಿ ನೋಡಿಯೂ ಸೋಲಲಿಲ್ಲ.

ಸ್ವಲ್ಪ ಹೊತ್ತಿಗೆ ಗುರುಲಿಂಗಯ್ಯ ಕಣ್ಣು ತೆರೆದು ಅಂಗೈ ಚಾಚಿದ. ಅವಳು ಲಿಂಗವನ್ನು ಅವನ ಎಡ ಅಂಗೈಯಲ್ಲಿಟ್ಟಳು. ಮೈಯಿಂದ ಅಗಲಿದ್ದ ಲಿಂಗ, ಪೂಜೆ ತಡವಾಗಬಾರದು. ಊರಿಂದ ತಂದಿದ್ದ ತಂಬಿಗೆಯಿಂದ ನೀರೆರೆದಳು, ವಿಭೂತಿ ಕೊಟ್ಟಳು. ಪೂಜೆ ಮುಗಿಸಿ, ಲಿಂಗದ ಮೇಲಿಂದ ಇಳಿದು ಅಂಗೈಯಲ್ಲಿ ನಿಂತ ಪಾದೋದಕವನ್ನು ಗುರುಲಿಂಗಯ್ಯ ಕಣ್ಣಿಗೊತ್ತಿಕೊಂಡು ದಿನದಂತೆ ಬಾಯಿಗೆ ಸುರಿದುಕೊಂಡ. ಲಲಿತಾಬಾಯಿ ಕೈಮುಗಿದು ನೋಡಿದಳು. ಲಿಂಗವನ್ನು ಮುಟ್ಟಿದ ಮೇಲೆ ಅದನ್ನು ನೀರು ಎನ್ನುವುದುಂಟೇ? ಹಾಗೆಂದವರ ನಾಲಿಗೆಗೆ ಹುಳ ಬೀಳುತ್ತದೆ ಎಂದು ಅವಳತ್ತೆ ಹೇಳಿಕೊಟ್ಟಿದ್ದಳು.

ಕೆಮ್ಮಲೂ ಬಾರದೆ ಗುರುಲಿಂಗಯ್ಯನ ಮೈ ಬಿಲ್ಲಿನಂತೆ ಬಾಗಿತು. ಮುಖ ನೀಲಿಗಟ್ಟಿತು. ಸೂಗಪ್ಪ ಕೂಗಿಕೊಂಡ. ಮೆಹತಾಬ್ ಓಡಿಬಂದು ಗುರುಲಿಂಗಯ್ಯನನ್ನು ಬೋರಲು ಮಾಡಿ ಬೆನ್ನು ಗುದ್ದಿದಳು.

“ನೀರು ಕೊಟ್ರೇನ್ರಿ?”

“ಇಲ್ಲವ್ವ! ಲಿಂಗದಾಣಿ, ಹನಿ ನೀರೂ ಕೊಟ್ಟಿಲ್ಲ!”

ಡಾಕ್ಟರ ರೈಲು ಹೋಗಿಯಾಗಿತ್ತು. ಸೋತ ಎದೆ ಎಷ್ಟೆಂದು ಹೋರಾಡೀತು? ಮೆಹತಾಬಳ ಕೈ ಸೋಲುವ ಮೊದಲೇ ಗುರುಲಿಂಗಯ್ಯ ಸೋತಿದ್ದ.

ಕೊನೆಗೆ ಲಲಿತಾಬಾಯಿ ಅಳು ನಿಲ್ಲಿಸಿ, ಕರಡಿಗೆಯನ್ನು ಗಂಡನ ಕೊರಳಿಗೆ ಕಟ್ಟಿದಳು. “ನೀ ಹೇಳಿದಂಗೇ ಮಾಡೀನಿ ತಂಗಿ. ತುಟಿ ಒಣಗಿದ್ರೂ ನೀರು ಕೊಡಲಿಲ್ಲ, ಅದೇ ಹೊಟ್ಟಿ ಉರಿಯಾಕತ್ತದ. ಪುಣ್ಯಕ್ಕ ಲಿಂಗದ ಪಾದೋದಕ ಒಂದು ಗುಟುಕು ಬಾಯಾಗ ಬಿತ್ತು. ಅವರು ಒಣ ಗಂಟಲಿಲೇ ಹೋಗಲಿಲ್ಲ, ಹೌದಿಲ್ಲೊ?”

ಮೆಹತಾಬಳಿಗೆ ಎಲ್ಲ ತಿಳಿಯಿತು. ಹೇಳಲು ಬಾಯಿ ತೆರೆದಳು. ಆ ಹೆಂಗಸಿನ ಮುಖ ನೋಡಿದಳು.

“ಹೌದ್ರಿ,” ಎಂದು, ಅಯ್ಯನ ಎಡ ಅಂಗೈಯಲ್ಲಿ ಉಳಿದಿದ್ದ ಪಸೆಯನ್ನು ತನ್ನ ಸೆರಗಿನಿಂದ ಒರೆಸಿದಳು.